ಒಂದು ಮೆಟ್ಟಿಲು ಮೇಲೆ

ಆ ಗೋರಿ ಅಲ್ಲ ಕಣೋ, ಪಕ್ಕದ್ದು! ಅದು ಬೇರೆಯವರದ್ದು, ಅವರ ಸುಣ್ಣ ಅವರು ಬಳಿಸಿಕೊಳ್ಳಲಿ. ಇದು... 'ರೊಶಾನ್ ಕುಟುಂಬ' ಅಂತ ಕಲ್ಲಿನ ಹಲಗೆ ಮೇಲೆ ಕೆತ್ತಿದೆಯಲ್ಲ, ಇದೇ. ಓದೋಕೆ ಬರುತ್ತಲ್ಲ ನಿನಗೆ?... ಅಯ್ಯೋ, ಹಾಗೆ ದುರುಗುಟ್ಟಿ ನೋಡಬೇಡ. ಅಕ್ಷರದ ಮಾತು ಹೇಳಿದೆ. ಸ್ವರದ್ದಲ್ಲ. ಸ್ವರದ ಮಾತು ಯಾರು ಎತ್ತಿದರು? ನಾನು ಎತ್ತಲಿಲ್ಲಪ್ಪ.

ಬಳಿ, ಬಳಿ. ನಿನ್ನ ಕೆಲಸ ನೀನು ಮಾಡು, ನನ್ನ ಮಾತು ನಾನು ಆಡ್ತೀನಿ. ಎರಡು ಸಲ ಬಳಿಯಬೇಕು, ಮೂಲೆ ಬಿಡಬಾರದು. ನಾಡಿದ್ದು ಸಕಲ ಸಂತರ ಹಬ್ಬ. ಇಡೀ ನ್ಯೂ ಆರ್ಲಿಯನ್ಸ್ ಸೇವಂತಿಗೆ ಹೊತ್ತುಕೊಂಡು ಇಲ್ಲಿಗೆ ಬರುತ್ತೆ. ಸತ್ತವರನ್ನ ನೋಡೋಕೆ ಅರ್ಧ ಜನ. ಯಾರ ಗೋರಿ ಬೆಳ್ಳಗಿದೆ, ಯಾರದ್ದು ಪಾಚಿ ಕಟ್ಟಿದೆ ಅಂತ ನೋಡೋಕೆ ಇನ್ನರ್ಧ. ರೊಶಾನ್ ಮನೆಯವರಿಗೆ ಸುಣ್ಣಕ್ಕೂ ಗತಿ ಇಲ್ಲ ಅನ್ನಿಸಿಕೊಳ್ಳಬಾರದು, ಅಷ್ಟೇ...

ಯಾಕೆ ನಗ್ತೀಯ? ಏನು, ನನ್ನ ಜೋಡಿನ ಮೇಲೆ ಸುಣ್ಣ ಬಿತ್ತಾ? ಬೇಕಂತಲೇ ಎರಚಿದೆ ತಾನೆ? ಎರಚು, ಎರಚು. ಹತ್ತು ವರ್ಷದ ಹಿಂದೆ ಆಗಿದ್ದರೆ ಇದಕ್ಕೆ ನಿನ್ನನ್ನ ಒಂದು ವಾರ ಬ್ಯಾಂಡಿನಿಂದ ಆಚೆ ಕೂರಿಸ್ತಿದ್ದೆ. ಜೋಡಿಗೆ ಪಾಲಿಶ್ ಇಲ್ಲ ಅಂತ, ಕಾಲರು ಮಡಿಚಿದೆ ಅಂತ, ಐದು ನಿಮಿಷ ತಡ ಅಂತ... ಎಷ್ಟು ಸಲ ಕೂರಿಸಿಲ್ಲ! ಒಂದು ದಿನ ನೀನು ಬರಿಗಾಲಲ್ಲೇ ಬಂದು, 'ಮೇಷ್ಟ್ರೇ, ಪಾಲಿಶ್ ಇಲ್ಲದ ಜೋಡಿಗಿಂತ ಜೋಡೇ ಇಲ್ಲದ ಕಾಲು ಚೊಕ್ಕಟ' ಅಂದೆ. ಡೋಲಿನವನು ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದ. ನಾನು ನಗಲಿಲ್ಲ. ನಗಬೇಕಿತ್ತು ಅಂತ ಈಗ ಅನ್ನಿಸುತ್ತೆ.

ನಮ್ಮಮ್ಮ ನೋಡಿದ್ದರೆ! ಅಬ್ನರ್ ಟಿಬ್ಸ್ ಅವಳ ತಲೆಯ ಮೇಲೆ ಏಣಿ ಹಾಕಿ ನಿಂತು ಸುಣ್ಣ ಬಳೀತಿರೋದನ್ನ... 'ಕೆನಾಲ್ ಬೀದಿಯ ಆ ಕಡೆಯವರಿಗೆ ನಮ್ಮ ಮುಂಬಾಗಿಲು ಇಲ್ಲ' ಅಂತಿದ್ದಳು. ನಾವು ಈ ಕಡೆಯವರು ನೋಡು. ಮನೇಲಿ ಫ್ರೆಂಚ್ ಮಾತಾಡೋರು, ಸ್ವರ ಬರೆದ ಹಾಳೆ ನೋಡಿ ನುಡಿಸೋರು, ಮೈಬಣ್ಣ ಒಂದು ಚೂರು ತಿಳಿ. ಟ್ರಾಮು ಹತ್ತಿದರೆ ಮಾತ್ರ ನೀನೂ ನಾನೂ ಒಂದೇ ಬೆಂಚು, ಹಿಂದಿನದ್ದು, ಕರಿಯರದ್ದು. ಆದರೂ ಅವಳಿಗೆ ಆ ಜಂಬ ಹೋಗಲಿಲ್ಲ. ನಿನಗೆ ಹಿತ್ತಲ ಬಾಗಿಲು, ಹಿಡಿ ಮುರಿದ ಕಪ್ಪು. ಈಗ ಅವಳ ಕೊನೇ ಮನೆಗೆ ಮುಂಬಾಗಿಲಿಂದಲೇ ಬಂದಿದ್ದೀಯ. ನಗಬೇಕಾದರೆ ಇದಕ್ಕೆ ನಗು.

ಇಲ್ಲ, ಹೋಗೋಕೆ ಅವಸರ ಏನಿಲ್ಲ. ನಿಜ ಹೇಳಬೇಕು ಅಂದರೆ... ಸುಣ್ಣದ ನೆಪ ಮಾಡಿಕೊಂಡು ನಿನ್ನನ್ನೇ ಹುಡುಕಿಕೊಂಡು ಬಂದೆ. ಮೊದಲು ನಿನ್ನ ಮನೆಗೆ ಹೋದೆ. ನಿನ್ನ ಹೆಂಡತಿ ಲವೀನಿಯಾನೇ ಬಾಗಿಲು ತೆಗೆದಳು, ನನ್ನ ಮುಖ ನೋಡಿದಳು, 'ಸ್ಮಶಾನದಲ್ಲಿದ್ದಾನೆ' ಅಂದು ದಢಾರಂತ ಹಾಕಿಕೊಂಡಳು. ನೀನು ಸತ್ತೇ ಹೋದೆಯೇನೋ ಅಂದುಕೊಂಡೆ ಮಾರಾಯ! ಆಮೇಲೆ ಹಬ್ಬದ ಕೆಲಸ ಅಂತ ಹೊಳೀತು. ಗೇಟಿನ ಹತ್ತಿರ ಬೆಲ್ಲದ ಮಿಠಾಯಿ ಮಾರೋ ಮುದುಕಿ ಇದ್ದಾಳಲ್ಲ, ಅವಳನ್ನ ಕೇಳಬೇಕು ಅನ್ನುವಷ್ಟರಲ್ಲಿ ನಿನ್ನ ಸೀಟಿ ಕೇಳಿಸ್ತು. ಹೌದು, ಗೇಟಿನ ತನಕ. ಇಷ್ಟು ಗೋರಿಗಳ ಮಧ್ಯೆ ಆ ಸೀಟಿ ಒಂದೇ ಬದುಕಿರೋದು ಅನ್ನಿಸ್ತು. ನನ್ನ ಕಂಡ ತಕ್ಷಣ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ? ನನಗೆ ಕೇಳಿಸಬಾರದು ಅಂತಲಾ?

ಹೋಗಲಿ. ವಿಷಯಕ್ಕೆ ಬರ್ತೀನಿ.

ಉತ್ತರದಿಂದ ಗ್ರಾಮಫೋನ್ ಕಂಪನಿಯವನೊಬ್ಬ ಬಂದಿದ್ದಾನೆ. ಯಂತ್ರ, ಮೇಣದ ತಟ್ಟೆ, ಸದ್ದು ಹಿಡಿಯೋ ಹಂಡೆಯಷ್ಟು ಅಗಲ ಬಾಯಿಯ ಕೊಳವೆ, ಎಲ್ಲಾ ಹೊತ್ತು ತಂದಿದ್ದಾನೆ. ಇಲ್ಲೇ, ನಮ್ಮೂರಲ್ಲೇ, ನಮ್ಮವರ ಬ್ಯಾಂಡುಗಳನ್ನ ತಟ್ಟೆಗೆ ಇಳಿಸ್ತಾನಂತೆ. ಮಂಗಳವಾರ ನಮ್ಮ ಕುಣಿತದ ಹಾಲಿಗೆ ಬಂದಿದ್ದ. ಟೋಪಿ ತೆಗೆಯದೆ ಹಿಂದೆ ನಿಂತು ಎರಡು ಗಂಟೆ ಕೇಳಿದ. ಆಮೇಲೆ ನನ್ನ ಹತ್ತಿರ ಬಂದು ಏನಂದ ಗೊತ್ತಾ? 'ರೊಶಾನ್, ನಿನ್ನ ಬ್ಯಾಂಡು ಇಸ್ತ್ರಿ ಮಾಡಿದ ಅಂಗಿ ಹಾಗಿದೆ. ಒಂದು ಸುಕ್ಕಿಲ್ಲ. ಆದರೆ ಒಳಗೆ ಆಸಾಮಿ ಎಲ್ಲಿ?'

ನಗು. ನಿನ್ನ ಭುಜ ಅಲ್ಲಾಡ್ತಿದೆ, ನನಗೆ ಕಾಣಿಸ್ತಿದೆ. ಇಪ್ಪತ್ತು ವರ್ಷ ಬ್ಯಾಂಡ್ ನಡೆಸಿದವನಿಗೆ ಆಡೋ ಮಾತಾ ಅದು?

ಆಮೇಲೆ ಅವನೇ ಅಂದ, 'ಟಿಬ್ಸ್ ಅಂತ ಒಬ್ಬ ನಿನ್ನ ಹತ್ತಿರ ಕಾರ್ನೆಟ್ ತುತ್ತೂರಿ ಊದ್ತಿದ್ದನಂತಲ್ಲ. ಚಿಕಾಗೋದಲ್ಲಿ ನಿಮ್ಮೂರಿನವರು ಯಾರು ಸಿಕ್ಕಿದರೂ ಅವನದೇ ಮಾತು. ಅವನನ್ನ ಕರೆದುಕೊಂಡು ಬಾ. ಸೋಮವಾರ ಹತ್ತು ಗಂಟೆಗೆ. ಅವನು ಬಂದರೆ ಎರಡು ಹಾಡು. ಬರದಿದ್ದರೆ... ನಿನ್ನ ಅಂಗಿ ನೀನೇ ಹಾಕಿಕೋ.'

ನೋಡು, ನಾನು ಮುಚ್ಚುಮರೆ ಮಾಡೋನಲ್ಲ. ನೇರ ಹೇಳ್ತೀನಿ. ನನಗೆ ಐವತ್ತನಾಲ್ಕು. ಇದು ತಪ್ಪಿದರೆ ಇನ್ನೊಂದು ಕೊಳವೆ ನನ್ನ ಮುಂದೆ ಬರಲ್ಲ. ಈ ಊರಲ್ಲಿ ಎವರಿಸ್ತ್ ರೊಶಾನ್ ಅಂತ ಒಬ್ಬ ಇದ್ದ, ಅವನದೊಂದು ಬ್ಯಾಂಡಿತ್ತು ಅನ್ನೋದಕ್ಕೆ ಗುರುತು ಏನಿದೆ? ಈ ಕಲ್ಲಿನ ಹಲಗೆ. ಇದರ ಮೇಲೆ ನಮ್ಮಪ್ಪನ ಹೆಸರೂ ಇದೆ, ಸೋದರಮಾವನ ಹೆಸರೂ ಇದೆ. ಅವರೇನು ಮಾಡಿದರು? ತಿಂದರು, ಸತ್ತರು.

ಸೋಮವಾರ ಒಂದೇ ಒಂದು ದಿನ, ಅಬ್ನರ್.

ತಲೆ ಅಲ್ಲಾಡಿಸಬೇಡ. ಪೂರ್ತಿ ಕೇಳು. ತುಟಿ ಒಣಗಿದೆ ಅಂತೀಯ? ನಾಲ್ಕು ದಿನ ಇದೆ. ಕಾರ್ನೆಟ್ ಇಲ್ಲ ಅಂತೀಯ? ನಾನು ತಂದುಕೊಡ್ತೀನಿ. ಐದು ವರ್ಷ ಆಯ್ತು ಅಂತೀಯ? ನಿನ್ನಂಥವನಿಗೆ ಐದು ವರ್ಷ ಯಾವ ಲೆಕ್ಕ! ನನಗೆ ಗೊತ್ತಿಲ್ವಾ? ನಿನ್ನನ್ನ ಕಂಡುಹಿಡಿದವನು ಯಾರು?

ನಾನು. ನೀನು ಚಿಂದಿ, ಖಾಲಿ ಸೀಸೆ ಕೊಳ್ಳೋ ಗಾಡಿ ಮೇಲೆ ಕೂತು ತಗಡಿನ ಪೀಪಿ ಊದಿಕೊಂಡು ಬರ್ತಿದ್ದೆ. ಇಷ್ಟುದ್ದ ಪೀಪಿ! ಅದರಲ್ಲಿ ಸ್ವರ ಇರೋದೇ ಮೂರು. ಆ ಮೂರರಲ್ಲೇ ನೀನು ಎದುರುಮನೆ ಹೆಂಗಸಿಗೆ, 'ಅಮ್ಮಾ, ಸೀಸೆ ಇದೆಯಾ?' ಅಂತಿದ್ದೆ, ಅವಳು ಇಲ್ಲ ಅಂದರೆ ಅಳ್ತಿದ್ದೆ, ಇದೆ ಅಂದರೆ ಕುಣೀತಿದ್ದೆ. ನಾನು ಒಳಗೆ ಪಿಟೀಲು ಕೆಳಗಿಟ್ಟು ಕಿಟಕಿಗೆ ಬಂದೆ. ಅಲ್ಲಿಯತನಕ ಯಾರಿಗೂ ಪಿಟೀಲು ಕೆಳಗಿಟ್ಟವನಲ್ಲ ನಾನು.

ಆವಾಗ ಬ್ಯಾಂಡು ಅಂದರೆ ಪಿಟೀಲಿನವನದು. ಮುಂದೆ ನಿಲ್ಲೋನು ಪಿಟೀಲಿನವನು, ಬಿಳಿಯರ ಕ್ಲಬ್ಬಿಗೆ ಹೋಗಿ ಮಾತಾಡೋನು ಪಿಟೀಲಿನವನು, ಹೊಸ ಹಾಡಿನ ಹಾಳೆ ಓದೋನು ಪಿಟೀಲಿನವನು. ಉಳಿದ ನೀವೆಲ್ಲ ಕಿವಿಯವರು. ನಾನು ಎರಡು ಸಲ ನುಡಿಸಿ ತೋರಿಸಬೇಕು, ನೀವು ಕೇಳಿಸಿಕೊಂಡು ಹಿಡೀಬೇಕು. ಕ್ಲಾರಿನೆಟ್ಟಿನವನಿಗೆ ಹತ್ತು ಸಲ ಬೇಕಾಗ್ತಿತ್ತು, ಬಡ್ಡೀಮಗನಿಗೆ. ನಿನಗೆ ಎರಡು. ಎರಡನೇದು ಮುಗಿಯೋಕೆ ಮುಂಚೆ ನಿನ್ನ ಬೆರಳು ಆಡ್ತಿತ್ತು. ಮೂರನೇ ಸಲ ನೀನು ಊದಿದರೆ... ನಾನು ತೋರಿಸಿದ ಹಾಡೇ, ಆದರೆ ನಾನು ತೋರಿಸದೆ ಇದ್ದದ್ದೆಲ್ಲ ಅದರಲ್ಲಿ ಇರ್ತಿತ್ತು. ಅದು ಎಲ್ಲಿಂದ ಬರ್ತಿತ್ತೋ. ಹಾಳೆಯಲ್ಲಿ ಹುಡುಕಿದ್ದೀನಿ ನಾನು. ಮನೆಗೆ ಹೋಗಿ ದೀಪ ಹತ್ತಿಸಿಕೊಂಡು ಹುಡುಕಿದ್ದೀನಿ. ಅಲ್ಲಿರಲಿಲ್ಲ.

ಆ ಭಾನುವಾರ ನೆನಪಿದೆಯಾ? ನಮ್ಮ ಗಾಡಿ, ಎದುರಾಳಿ ಬ್ಯಾಂಡಿನ ಗಾಡಿ, ಮೂಲೆಯಲ್ಲಿ ಎದುರಾದದ್ದು? ಎರಡೂ ಕಡೆಯವರು ರಾತ್ರಿ ಕುಣಿತಕ್ಕೆ ಜನ ಕರೆಯೋಕೆ ಬ್ಯಾಂಡು ಕೂರಿಸಿಕೊಂಡು ಹೊರಟಿದ್ವಿ. ಹುಡುಗರು ಓಡಿ ಬಂದು ಚಕ್ರಕ್ಕೆ ಚಕ್ರ ಸರಪಳಿ ಬಿಗಿದರು. ಇನ್ನೇನು! ಒಬ್ಬರು ಸೋಲೋ ತನಕ ಯಾರೂ ಕದಲೋ ಹಾಗಿಲ್ಲ. ನಾನು ಶುರುಮಾಡಿದೆ, ನಿಂತು, ಚೆನ್ನಾಗಿ. ಯಾರಿಗೆ ಕೇಳಿಸ್ತು? ಅವರ ಟ್ರಂಬೋನಿನವನು ನಮ್ಮ ಗಾಡಿಯೊಳಕ್ಕೇ ಕೊಳವೆ ಚಾಚಿ ಭೋಂ ಅಂತಿದ್ದ. ಆವಾಗ ನೀನು ಎದ್ದೆ. ಅವರ ಕಾರ್ನೆಟ್ಟಿನವನು ಏನು ಊದಿದನೋ ಅದನ್ನೇ ಊದಿದೆ, ತಲೆಕೆಳಗೆ ಮಾಡಿ, ಅವನ ಅಳು ಅವನಿಗೇ ಕೇಳೋ ಹಾಗೆ. ಮೂರನೇ ಸುತ್ತಿಗೆ ಅವನು ಕಾರ್ನೆಟ್ಟನ್ನ ತೊಡೆ ಮೇಲೆ ಇಟ್ಟುಬಿಟ್ಟ. ಜನ ನಿನ್ನನ್ನ ಹೆಗಲ ಮೇಲೆ ಹೊತ್ತರು. ಬೀದಿ ಉದ್ದಕ್ಕೂ ಟಿಬ್ಸ್, ಟಿಬ್ಸ್! ಗಾಡಿಯಲ್ಲಿ ನಾನೊಬ್ಬನೇ. ಒಬ್ಬ ಮುದುಕ ಹತ್ತಿರ ಬಂದು, 'ಯಜಮಾನ್ರೇ, ನಿಮ್ಮ ಕಮಾನು ಕೆಳಗೆ ಬಿದ್ದಿತ್ತು' ಅಂತ ಎತ್ತಿಕೊಟ್ಟ. ಬ್ಯಾಂಡು ಯಾರದು ಅಂತ ಆ ಮುದುಕನಿಗೆ ಗೊತ್ತೇ ಇರಲಿಲ್ಲ.

ಇಲ್ಲ, ಹೊಟ್ಟೆಕಿಚ್ಚು ಅಲ್ಲ. ಯಾಕೆ ಹಾಗೆ ನೋಡ್ತೀಯ? ಹೊಟ್ಟೆಕಿಚ್ಚಿದ್ದಿದ್ದರೆ ಇಟ್ಟುಕೊಳ್ತಿದ್ದೆನಾ ನಿನ್ನನ್ನ, ಎಂಟು ವರ್ಷ? ಹೊಟ್ಟೆಕಿಚ್ಚಿದ್ದಿದ್ದರೆ ಓದು ಕಲಿಸ್ತಿದ್ದೆನಾ? ಅದನ್ನ ಹೇಳು ಮೊದಲು!

ಹೂಂ. ಬಂತು. ಆ ಮಾತು ಬಂತು. ನೀನು ಎತ್ತಲ್ಲ ಅಂತ ನನಗೆ ಗೊತ್ತಿತ್ತು. ಐದು ವರ್ಷದಿಂದ ನೀನು ಎತ್ತಿಲ್ಲ. ಅದಕ್ಕೆ ನಾನೇ ಎತ್ತಬೇಕಾಯ್ತು. ಇರಲಿ, ಆಡಿಬಿಡೋಣ. ಆಡಿ ಮುಗಿಸೋಣ.

ಆ ಹಡಗು ಬಂದದ್ದು ಹತ್ತೊಂಬತ್ತನೇ ಇಸವಿ ವಸಂತದಲ್ಲಿ. ನದಿ ಮೇಲೆ ಕುಣಿತದ ಹಡಗು, ಸೇಂಟ್ ಲೂಯಿಸ್ ತನಕ ಹೋಗೋದು, ನಮ್ಮವರದೇ ಬ್ಯಾಂಡು, ಒಳ್ಳೇ ಸಂಬಳ, ಚಿನ್ನದ ಗುಂಡಿಯ ಕೋಟು. ಅವರಿಗೆ ಕಾರ್ನೆಟ್ಟಿನವನು ಬೇಕಿತ್ತು. ಆದರೆ ಕಿವಿಯವರು ಬೇಡ, ಹಾಳೆ ಓದೋರೇ ಆಗಬೇಕು. ಎಂಟು ವಾರದಲ್ಲಿ ಪರೀಕ್ಷೆ. ನೀನು ಹಿತ್ತಲ ಬಾಗಿಲಿಗೆ ಬಂದೆ, ಟೋಪಿ ಕೈಯಲ್ಲಿ ಹಿಡಿದು. 'ಮೇಷ್ಟ್ರೇ, ಓದು ಕಲಿಸಿ.' ಬೇರೆ ಯಾವ ಮೇಷ್ಟ್ರಾದರೂ, ತನ್ನ ಬ್ಯಾಂಡು ಬಿಟ್ಟು ಹೋಗೋನಿಗೆ ಕಲಿಸ್ತಾನಾ? ಒದ್ದು ಓಡಿಸ್ತಾನೆ. ನಾನು, 'ಒಳಗೆ ಬಾ, ಕಾರ್ನೆಟ್ ತಂದಿದ್ದೀಯಾ?' ಅಂದೆ. ಎಂಟು ವಾರ, ದಿನಾ ಬೆಳಗ್ಗೆ ಆರು ಗಂಟೆಗೆ, ನಮ್ಮ ಅಡಿಗೆಮನೇಲಿ. ಅಮ್ಮ ಚಿಕೋರಿ ಕಾಫಿ ಸೋಸ್ತಾ ಗೊಣಗೋಳು. ನೀನು ಹಾಳೆ ಮೇಲೆ ಬೆರಳಿಟ್ಟು, ಬೆವರು ಸುರಿಸಿಕೊಂಡು... ಒಂದೊಂದು ಸ್ವರಕ್ಕೂ, 'ಇದು ಇದೇನಾ ಮೇಷ್ಟ್ರೇ? ಇದು ಇದೇನಾ?' ನಾನು ಪಿಟೀಲಿನಲ್ಲಿ ಆ ಸ್ವರ ನುಡಿಸಿ, 'ಇದೇ' ಅನ್ನೋದು, ನೀನು ಅದನ್ನ ಊದೋದು. ಅಷ್ಟು ಶ್ರದ್ಧೆ ನನ್ನ ಪಿಟೀಲು ಕ್ಲಾಸಿನ ಯಾವ ಮಗುವಿನಲ್ಲೂ ನೋಡಿಲ್ಲ.

ಇದ್ದ ಹಾಳೆ ನನ್ನದು, ಪಿಟೀಲಿನದು. ಅದರಲ್ಲೇ ಕಲಿಸಿದೆ. ಅದೇ ತಪ್ಪಾಯ್ತು. ತಪ್ಪು, ಒಪ್ಪಿಕೊಳ್ತೀನಿ, ಆವಾಗಲೂ ಒಪ್ಪಿಕೊಂಡೆ. ಕಾರ್ನೆಟ್ಟಿಗೆ ಹಾಳೆಯೇ ಬೇರೆ, ಅದನ್ನ ಪಿಟೀಲಿಗಿಂತ ಒಂದು ಸ್ವರ, ಒಂದು ಮೆಟ್ಟಿಲು ಮೇಲೆ ಬರೀತಾರೆ ಅಂತ ಪಿಟೀಲಿನವನಿಗೆ ಹೇಗೆ ಗೊತ್ತಾಗಬೇಕು? ನೀವು ಯಾರೂ ಹಾಳೆ ಮುಟ್ಟಿದವರಲ್ಲ, ನಮ್ಮ ಬ್ಯಾಂಡಿನಲ್ಲಿ ಕಾರ್ನೆಟ್ಟಿನ ಹಾಳೆ ಅನ್ನೋದೇ ಇರಲಿಲ್ಲ. ನೀನು ನನ್ನ ಹಾಳೆ ಕಲಿತೆ. ಹಡಗಿನಲ್ಲಿ ಅವರು ಅವರ ಹಾಳೆ ಮುಂದಿಟ್ಟರು, ನೀನು ನಾನು ಕಲಿಸಿದ ಲೆಕ್ಕದಲ್ಲೇ ಓದಿದೆ. ಇಡೀ ಬ್ಯಾಂಡು ಒಂದು ಶ್ರುತಿಯಲ್ಲಿ, ನೀನೊಬ್ಬ ಒಂದು ಮೆಟ್ಟಿಲು ಮೇಲೆ. ನಾನು ಊರಲ್ಲೇ ಇರಲಿಲ್ಲ ಅವತ್ತು, ಬಿಲಾಕ್ಸಿಯಲ್ಲಿ ಮದುವೆಗೆ ನುಡಿಸೋಕೆ ಹೋಗಿದ್ದೆ. ಬಂದ ಮೇಲೆ ತಾನೆ ಆ ಹಡಗಿನ ಬ್ಯಾಂಡಿನ ಕ್ಲಾರಿನೆಟ್ಟಿನವನು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೀಗಾಗಿರಬೇಕು ಅಂತ ಬಿಡಿಸಿ ಹೇಳಿದ್ದು? ನಾನು ಹಣೆ ಚಚ್ಚಿಕೊಳ್ಳಲಿಲ್ವಾ ನಿನ್ನ ಎದುರಿಗೇ? ನೀನೇ ನನ್ನ ಕೈ ಹಿಡಿದುಕೊಂಡು, 'ಬಿಡಿ ಮೇಷ್ಟ್ರೇ, ನಿಮಗೇನು ಗೊತ್ತಿತ್ತು' ಅನ್ನಲಿಲ್ವಾ?

ಅಂದೆ. ಅಂದೆ ತಾನೆ? ಮತ್ತೆ?

ಒಂದು ಮೆಟ್ಟಿಲು ಇಳಿಸಿಕೊಂಡು ಓದಿದ್ದರೆ ಮುಗೀತಿತ್ತು. ಒಂದು ವಾರದ ಕೆಲಸ. ಆದರೆ ನೀನು ಮತ್ತೆ ನದಿ ಕಡೆ ತಿರುಗಿ ನೋಡಲಿಲ್ಲ. ಅದು ಹೋಗಲಿ, ನಮ್ಮ ಬ್ಯಾಂಡಿಗೆ ವಾಪಸ್ಸು ಬಂದೆಯಲ್ಲ, ಆವಾಗ... ಹೇಗೆ ಹೇಳಲಿ... ಅದೇ ಕಾರ್ನೆಟ್ಟು, ಅದೇ ತುಟಿ. ಆದರೆ ಊದೋಕೆ ಮುಂಚೆ ಪ್ರತಿ ಸಲ ನನ್ನ ಮುಖ ನೋಡ್ತಿದ್ದೆ. ಸರಿನಾ, ಅಂತ. ಮೂರು ಸ್ವರದ ಪೀಪಿಯಲ್ಲಿ ಬೀದಿ ಕುಣಿಸಿದವನು! ನಾನು ತಲೆ ಆಡಿಸಿದ ಮೇಲೆ ಊದ್ತಿದ್ದೆ. ಅಷ್ಟು ಹೊತ್ತಿಗೆ ಹಾಡು ಮುಂದೆ ಹೋಗಿರ್ತಿತ್ತು. ಡೋಲಿನವನು ಬೈದ, ಜನ ಗೊಣಗಿದರು. ಒಂದು ದಿನ ಕಾರ್ನೆಟ್ಟನ್ನ ಕುರ್ಚಿ ಮೇಲೆ ಮಲಗಿಸಿ, ಮಗುವಿಗೆ ಹೊದಿಸಿದ ಹಾಗೆ ಅದರ ಮೇಲೆ ಕರ್ಚೀಫು ಹೊದಿಸಿ ಹೊರಟುಹೋದೆ.

ನೀನು ಹೋದೆ. ನಾನು ಬಾಳಿದೆನಾ? ಅದನ್ನೂ ಕೇಳು, ನಿನಗೆ ಸಂತೋಷ ಆಗಲಿ. ಎರಡು ವರ್ಷಕ್ಕೆ ಪಿಟೀಲೇ ಬೇಡ ಅಂದರು. ಹಾಲಿನವನು ಮುಖಕ್ಕೇ ಹೇಳಿದ, 'ಏಳು ಜನ ಬನ್ನಿ, ಆದರೆ ಆ ಬೆಕ್ಕಿನ ಕರುಳಿನ ತಂತಿ ಮನೇಲಿರಲಿ.' ಈಗ ನನ್ನ ಕೈಯಲ್ಲಿ ಏನಿದೆ ಗೊತ್ತಾ? ಒಂದು ಕಡ್ಡಿ. ಬರೀ ಕಡ್ಡಿ. ಅದನ್ನ ಬೀಸ್ತಾ ನಿಲ್ತೀನಿ. ಹುಡುಗರು ನನ್ನ ನೋಡಲ್ಲ, ನಾನು ಬೀಸೋದು ನಿಲ್ಲಿಸಿದರೂ ಅವರು ನಿಲ್ಲಿಸಲ್ಲ. ಒಂದು ದಿನ ಪರೀಕ್ಷೆ ಮಾಡೋಕೆ ನಿಲ್ಲಿಸಿ ನೋಡಿದೆ. ಹಾಡು ಮುಗಿಸಿ ಚಪ್ಪಾಳೆ ತಗೊಂಡರು. ಸೋಮವಾರದ್ದೂ ಅಷ್ಟೇ. ಪಿಟೀಲು ತರ್ತೀನಿ ಅಂದೆ. 'ತಾ, ಆದರೆ ಕೊಳವೆಗೆ ಅದು ಕೇಳಿಸೋದಿಲ್ಲ' ಅಂದ ಕಂಪನಿಯವನು. ತಟ್ಟೆ ಮೇಲೆ ಹೆಸರು ಮಾತ್ರ ನನ್ನದು. ಎವರಿಸ್ತ್ ರೊಶಾನ್ ಮತ್ತು ಅವನ ಬ್ಯಾಂಡು. ಕೇಳಿಸೋದು ನೀನು.

ಇದರಲ್ಲಿ ನಿನಗೆ ನಷ್ಟ ಏನು, ಹೇಳು? ಊರೂರಲ್ಲಿ, ಯಾವ್ಯಾವುದೋ ಮನೇಲಿ ನೀನು ಊದ್ತಿರ್ತೀಯ. ಈ ಸುಣ್ಣ ಮುಂದಿನ ಮಳೆಗೆ ತೊಳೆದುಹೋಗುತ್ತೆ ಕಣೋ! ಆ ತಟ್ಟೆ ಹೋಗಲ್ಲ.

ಹೆದರಿಕೆನಾ? ಕಿವಿ ಕೈಕೊಟ್ಟರೆ ಅಂತಲಾ? ಅದಕ್ಕೂ ದಾರಿ ಮಾಡಿಕೊಂಡು ಬಂದಿದ್ದೀನಿ. ತಡಿ... ಜೇಬಲ್ಲಿದೆ... ಇದೋ. ಕೈ ಒರೆಸಿಕೊಂಡು ತಗೋ, ಸುಣ್ಣ ಹತ್ತೀತು. ಎರಡು ಹಾಡೂ ಇದೆ. ನಿನ್ನ ಭಾಗ ಮಾತ್ರ, ಮೊದಲಿಂದ ಕೊನೇವರೆಗೆ. ಕಾರ್ನೆಟ್ಟಿನ ಹಾಳೆ, ಸರಿಯಾದದ್ದು, ಒಂದು ಮೆಟ್ಟಿಲು ಮೇಲೆ. ಇಳಿಸಿಕೊಂಡು ಓದೋದು ನಾಲ್ಕು ದಿನದಲ್ಲಿ ರೂಢಿಯಾಗುತ್ತೆ. ನಿನ್ನೆ ಒಂದೇ ಸಲ ಕೂತು ಬರೆದೆ. ಹೇಗಿದೆ ಅಕ್ಷರ? ಅಚ್ಚು ಹಾಕಿದ ಹಾಗಿಲ್ವಾ? ಒಂದು ಕಡೆ ಅಳಿಸಿದ್ದೀನಾ, ತಿದ್ದಿದ್ದೀನಾ, ನೋಡು! ಮೆಟ್ಟಿಲು ಎಣಿಸೋದೂ ಬೇಡ ನನಗೆ, ಪಿಟೀಲಿನದು ನೋಡ್ತಾ ನೋಡ್ತಾ ಕಾರ್ನೆಟ್ಟಿಗೆ ಕೈ ತಾನಾಗೇ ಏರಿಸಿ ಬರೆಯುತ್ತೆ. ಅದು ನಿನ್ನೆ ಮೊನ್ನೆಯ ಅಭ್ಯಾಸ ಅಲ್ಲ. ಹದಿನೈದನೇ ವಯಸ್ಸಿನಿಂದ ನಮ್ಮ ಬೀದಿಯ ಸಂಘದ ಹಿತ್ತಾಳೆ ಬ್ಯಾಂಡಿಗೆ ಕಾರ್ನೆಟ್ಟಿನ ಪುಸ್ತಕ ಬರೆದವನು ನಾನು, ಮೊದಲನೇದು, ಎರಡನೇದು, ಮೂರನೇದು, ಮೂರೂ. ಶವಯಾತ್ರೆಗೆ ಹೊರಟರೆ ಮುಂದಿನ ಸಾಲಿನವರೆಲ್ಲ ಊದ್ತಿದ್ದದ್ದು ನನ್ನ ಅಕ್ಷರ. ಇವತ್ತಿಗೂ ಸಂಘದ ಬೀರು ತೆಗೆಸಿ ನೋಡು, ಇನ್ನೂರು ಹಾಳೆ...

ಇನ್ನೂರು...

ಏನು? ಯಾಕೆ ನಿಲ್ಲಿಸಿದೆ? ಬಳಿ. ಒಣಗಿಬಿಡುತ್ತೆ, ಗೆರೆ ಬೀಳುತ್ತೆ.

ಅಬ್ನರ್, ಕುಂಚದಿಂದ ಸುಣ್ಣ ಸುರೀತಿದೆ. ನಿನ್ನ ಕಾಲ ಮೇಲೆ ಸುರೀತಿದೆ.

ಏನು ನೋಡ್ತೀಯ? ಹಾಳೆ ನೋಡು, ನನ್ನ ಮುಖದಲ್ಲೇನಿದೆ? ನಾನು ಹೇಳಿದ್ದು ಏನಂದರೆ... ಬರೆದದ್ದು ಹೌದು. ಬರೀತಿದ್ದೆ. ಆದರೆ ನಿನಗೆ ಕಲಿಸೋವಾಗ ಅದು... ತಲೆಗೆ ಬರಲಿಲ್ಲ. ಇರುತ್ತಲ್ಲ, ಒಂದೊಂದು ಸಲ, ಗೊತ್ತಿದ್ದದ್ದೇ ಹೊಳೆಯಲ್ಲ. ಬೆಳಗಿನ ಹೊತ್ತು, ನಿದ್ದೆಗಣ್ಣು, ಅಮ್ಮನ ಗೊಣಗಾಟ...

ಏನಂದೆ?

ಎಂಟು ವಾರ. ಹೌದು. ಎಂಟು ವಾರ ಹೊಳೆಯಲಿಲ್ಲ ಅಂತ ಹೇಳ್ತಿದ್ದೀನಿ. ನನಗೇ ಕೇಳಿಸ್ತಿದೆ ಅದು ಹೇಗಿದೆ ಅಂತ.

ಬೈಯೋ! ಏಣಿ ಇಳಿದು ಬಂದು ಹೊಡಿ. ಆ ಬಕೆಟ್ಟು ನನ್ನ ತಲೆ ಮೇಲೆ ಸುರಿ. ಇದಕ್ಕಿಂತ ವಾಸಿ. ಲವೀನಿಯಾಗೆ ಗೊತ್ತು ಅಲ್ವಾ? ಅವಳು ಬಾಗಿಲು ಹಾಕಿದ ರೀತಿ ನೋಡಿದರೆ ಅವಳಿಗೆ ಯಾವತ್ತೋ ಗೊತ್ತಾಗಿದೆ. ನೀನು ನಂಬಲಿಲ್ಲ. ನೀನು ಅವಳ ಹತ್ತಿರ ನನ್ನ ಪರವಾಗಿ ಜಗಳ ಆಡಿರ್ತೀಯ. ಆಡಿದ್ದೀಯ ತಾನೆ? 'ಮೇಷ್ಟ್ರು ಅಂಥವರಲ್ಲ' ಅಂದಿರ್ತೀಯ.

ಹೂಂ.

ಗೊತ್ತಿತ್ತು. ಮೊದಲನೇ ದಿನ ಗೊತ್ತಿರಲಿಲ್ಲ... ಇಲ್ಲ, ಮೊದಲನೇ ದಿನವೂ ಗೊತ್ತಿತ್ತು. ನೀನು ಹಿತ್ತಲ ಬಾಗಿಲಲ್ಲಿ ಟೋಪಿ ಹಿಡಿದು ನಿಂತಾಗಲೇ. ಹೋಗು ಅನ್ನೋಕೆ ನನಗೆ ಎದೆ ಇರಲಿಲ್ಲ. ಹೋಗಬೇಡ ಅನ್ನೋಕೆ ಅಷ್ಟೂ ಇರಲಿಲ್ಲ. ರೊಶಾನ್ ಒಬ್ಬ ಚಿಂದಿ ಗಾಡಿಯವನ ಮುಂದೆ, ಬೇಡ ಕಣಪ್ಪಾ, ನೀನು ಹೋದರೆ ನನ್ನ ಬ್ಯಾಂಡು ಇಲ್ಲ ಅಂತ ಅನ್ನೋದಾ? ಅದಕ್ಕೆ ಕಲಿಸಿದೆ. ಪಕ್ಕದ ಕೋಣೆ ಪೆಟ್ಟಿಗೆಯಲ್ಲಿ ಕಾರ್ನೆಟ್ಟಿನ ಹಾಳೆ ಇತ್ತು. ನಾನೇ ಬರೆದದ್ದು. ಹತ್ತು ಹೆಜ್ಜೆ. ಪ್ರತಿ ಬೆಳಗ್ಗೆ ನಾಳೆ ತರೋಣ ಅಂದುಕೊಳ್ತಿದ್ದೆ. ನೀನು, 'ಇದು ಇದೇನಾ ಮೇಷ್ಟ್ರೇ?' ಅಂತಿದ್ದೆ. ನಾನು, 'ಇದೇ' ಅಂತಿದ್ದೆ.

ಕೊನೇ ದಿನ ನೀನು ಒಂದು ಮಾತು ಕೇಳಿದೆ, ನೆನಪಿದೆಯಾ? ಕಾಫಿ ಕುಡಿದು ಎದ್ದವನು ಬಾಗಿಲಲ್ಲಿ ತಿರುಗಿ, 'ಮೇಷ್ಟ್ರೇ, ಕಿವಿ ಒಂದು ಹೇಳಿ ಹಾಳೆ ಒಂದು ಹೇಳಿದರೆ ಯಾವುದು ಕೇಳಲಿ?' ಅಂದೆ. ಯಾಕೆ ಕೇಳಿದೆ ಅದನ್ನ? ಕೇಳದೆ ಇದ್ದಿ‌ದ್ದರೆ ನೀನು ಬದುಕಿಕೊಳ್ತಿದ್ದೆ. ನಿನ್ನ ಕಿವಿ ಎರಡನೇ ಸ್ವರಕ್ಕೇ ಎಲ್ಲಾ ಸರಿಮಾಡಿಕೊಳ್ತಿತ್ತು, ಅದು ನನಗೆ ಗೊತ್ತಿತ್ತು. ನನ್ನ ಬಾಯಿಂದ ಏನು ಬಂತು? 'ಕಿವಿ ಮುಚ್ಚಿಕೋ. ಕಿವಿ ಮಾತು ಕೇಳಿದರೆ ಹಡಗಿನಿಂದ ಇಳಿಸ್ತಾರೆ. ಹಾಳೆ ಸುಳ್ಳು ಹೇಳಲ್ಲ.' ಎಂಟು ವಾರ ನಾನು ಸುಮ್ಮನಿದ್ದೆ, ಅಷ್ಟೇ. ಆದರೆ ಆ ಮಾತು ಆಡಿದೆ. ಆಡಿದ್ದು.

ನೀನು ಹಾಳೆ ಮಡಚಬೇಡ... ಮಡಚು. ಹರಿ. ಏನು ಬೇಕಾದರೂ ಮಾಡು. ಸೋಮವಾರದ ಮಾತು ಬಿಟ್ಟೆ, ಅದಕ್ಕಾಗಿ ಹೇಳ್ತಿಲ್ಲ ಈಗ.

ಬಿಲಾಕ್ಸಿಗೆ ನಾನು ಹೋಗಿರಲಿಲ್ಲ. ಮದುವೆ ಇರಲಿಲ್ಲ. ನದಿಯ ಒಡ್ಡಿನ ಮೇಲೆ, ಹತ್ತಿ ಮೂಟೆಗಳ ಹಿಂದೆ ನಿಂತಿದ್ದೆ. ಹಡಗು ಕಟ್ಟಿಹಾಕಿತ್ತು, ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಾಕಿದ್ದರು. ನೀನು ಕಪ್ಪು ಕೋಟು ಹಾಕಿದ್ದೆ, ಯಾರದೋ ಕೇಳಿ ತಂದದ್ದು, ತೋಳು ಗಿಡ್ಡ. ಜೋಡಿಗೆ ಪಾಲಿಶ್ ಹಾಕಿದ್ದೆ, ಅಲ್ಲಿಗೂ ಹೊಳೀತಿತ್ತು. ಅವರು ಶುರುಮಾಡಿದರು. ನೀನು ಮೊದಲನೇ ಸ್ವರ ಊದಿದೆ... ಒಂದು ಮೆಟ್ಟಿಲು ಮೇಲೆ. ಎರಡನೇದು. ಅದೂ. ಪಿಯಾನೋದವನು ತಿರುಗಿ ನೋಡಿದ. ಹಡಗಿನ ಕೂಲಿಯವರು ಕೇಕೆ ಹಾಕಿದರು. ನಿನ್ನ ಕಿವಿ ಕೂಗಿಕೊಂಡಿರಬೇಕು ಒಳಗೆ. ಕತ್ತಿನ ನರ ಉಬ್ಬಿತ್ತು, ನನಗೆ ಕಾಣಿಸ್ತಿತ್ತು. ಆದರೂ ಹಾಳೆಯಿಂದ ಕಣ್ಣು ಕೀಳಲಿಲ್ಲ ನೀನು. ಅವರ ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ, ನೀನು ನಿಲ್ಲಲಿಲ್ಲ. ಒಬ್ಬನೇ ಊದಿದೆ, ಕೊನೇ ಗೆರೆ ತನಕ. 'ಯಾರು ಕಲಿಸಿದ್ದು?' ಅಂದ ಅವನು. ನೀನು ಎದೆ ಎತ್ತಿ ನನ್ನ ಹೆಸರು ಹೇಳಿದೆ. 'ರೊಶಾನ್ ಕಲಿಸಿದ್ದಾ? ಹಾಗಾದರೆ ತಪ್ಪು ನಿನ್ನದೇ' ಅಂದ.

ನಾನು ಆ ಮೂಟೆಗಳ ಹಿಂದೆ ನಿಂತು ಕಾಯ್ತಿದ್ದೆ, ಅಬ್ನರ್. ಯಾವುದಾದರೂ ಒಂದು ಕಡೆ ನೀನು ಎಡವಲಿ ಅಂತ. ಒಂದು ಸ್ವರ, ಒಂದೇ ಒಂದು, ನಿನ್ನ ಸ್ವಂತ ತಪ್ಪು ಸಿಕ್ಕಿದ್ದರೆ, ಅದನ್ನ ಹಿಡಿದುಕೊಂಡು ಮನೆಗೆ ಹೋಗಿ ನಿದ್ದೆ ಮಾಡ್ತಿದ್ದೆ.

ನಾನು ಕಲಿಸಿದ್ದರಲ್ಲಿ ಒಂದೂ ತಪ್ಪಲಿಲ್ಲ ನೀನು.